ಮಾವನನ್ನು ಅಗೆದು ತೆಗೆದ ಚಳಿಗಾಲ

ಶಾಂತಿ ಬಂದ ಮೇಲೆ ನಮ್ಮ ಇಲಿಜಾದಲ್ಲಿ ಮೊದಲು ಕಾಣೆಯಾದದ್ದು ಗುದ್ದಲಿಗಳು. ಯುದ್ಧ ನಡೆದಷ್ಟು ಕಾಲ ಯಾವ ಹಿತ್ತಲಲ್ಲಿ ಬೇಕಾದರೂ ಒಂದು ಗುದ್ದಲಿ, ಒಂದು ಹಾರೆ ಗೋಡೆಗೆ ಒರಗಿಕೊಂಡಿರುತ್ತಿತ್ತು. ಕದಿಯುವವರಿರಲಿಲ್ಲ. ಒಪ್ಪಂದಕ್ಕೆ ಸಹಿ ಬಿದ್ದು, ಇನ್ನು ಈ ಬಡಾವಣೆ ಸರಯೇವೊ ನಗರಕ್ಕೆ ಸೇರುತ್ತದೆ, ಹೋಗುವ ಸರ್ಬರು ಮಾರ್ಚಿಗೆ ಮೊದಲೇ ಹೋಗಬಹುದು ಎಂದು ಗೊತ್ತಾದ ವಾರದಲ್ಲೇ ಎಲ್ಲ ಮಾಯವಾದವು. ಜನ ಮನೆಯ ಕಿಟಕಿ ಚೌಕಟ್ಟುಗಳನ್ನು ಕಿತ್ತು ಲಾರಿಗೆ ಹಾಕಿದರು, ಬಾಗಿಲು ಹಾಕಿದರು, ಒಲೆ ಹಾಕಿದರು. ಆಮೇಲೆ ಗುದ್ದಲಿ ಹಿಡಿದು ಸ್ಮಶಾನಕ್ಕೆ ಹೋಗಿ ಸತ್ತವರನ್ನೂ ಕಿತ್ತುಕೊಂಡರು.

ನನ್ನ ಹೆಸರು ಫಾದಿಲಾ. ನಾನು ಮುಸ್ಲಿಮಳು, ಗಂಡ ನೆಡೆಲ್ಕೊ ಸರ್ಬ, ಕ್ರೈಸ್ತ. ಯುದ್ಧಕ್ಕೆ ಮುಂಚೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ತವರು ನಗರದ ಪೂರ್ವದ ತುದಿಯಲ್ಲಿ, ವ್ರಾಟ್ನಿಕ್ ಗುಡ್ಡದ ಮೇಲೆ. ಗಂಡನ ಮನೆ ಪಶ್ಚಿಮದ ತುದಿಯಲ್ಲಿ, ಟ್ರ್ಯಾಮ್ ತಿರುಗಿ ನಿಲ್ಲುವ ಇಲಿಜಾದಲ್ಲಿ. ಸುತ್ತ ಬೆಟ್ಟ, ನಡುವೆ ಬಟ್ಟಲಿನ ಹಾಗೆ ಊರು, ಆ ಬಟ್ಟಲಿನ ಉದ್ದಕ್ಕೂ ಒಂದು ನದಿ, ನದಿಯ ಪಕ್ಕಕ್ಕೆ ಒಂದು ಟ್ರ್ಯಾಮ್ ಹಳಿ. ಆ ಹಳಿಯ ಮೇಲೆ ಇಡೀ ಜೀವನ ಟ್ರ್ಯಾಮ್ ಓಡಿಸಿದವರು ನನ್ನ ಮಾವ ಓಬ್ರೆನ್. ಪಾಷಾಗಳ ಕಾಲದ ಪೇಟೆಯಿಂದ ಹೊರಟು, ಆಸ್ಟ್ರಿಯಾ ಚಕ್ರವರ್ತಿಯ ಕಾಲದ ಕಟ್ಟಡಗಳನ್ನು ದಾಟಿ, ನಮ್ಮ ಕಾಲದ ಕಾಂಕ್ರೀಟ್ ಗೋಪುರಗಳನ್ನು ಹಾದು ಇಲಿಜಾ ತಲುಪುವಷ್ಟರಲ್ಲಿ ನಾನೂರು ವರ್ಷ ಆಗಿಹೋಗುತ್ತದೆ ಎನ್ನುತ್ತಿದ್ದರು. "ಒಂದು ಟಿಕೆಟ್ಟಿಗೆ ಇಷ್ಟು ಚರಿತ್ರೆ ಯಾರ್ ಕೊಡ್ತಾರೆ? ಆದ್ರೂ ಜನ ಟಿಕೆಟ್ ತಗೊಳಲ್ಲ." ಹಾಗೆ ಟಿಕೆಟ್ ತೆಗೆದುಕೊಳ್ಳದೆ ತಂಬಾಕಿನ ಕಾರ್ಖಾನೆಗೆ ದಿನಾ ಹತ್ತುತ್ತಿದ್ದವಳು ನಾನು. ಮದುವೆ ಮಾತು ತೆಗೆದವರೂ ಅವರೇ. "ನಮ್ಮ ಹುಡುಗನಿಗೆ ಒಬ್ಬಳನ್ನ ನೋಡಿಟ್ಟಿದೀನಿ. ಕಳ್ಳಿ. ಆದ್ರೆ ನಗು ಚೆನ್ನಾಗಿದೆ" ಎಂದು ಮನೆಯಲ್ಲಿ ಹೇಳಿದರಂತೆ.

ಯುದ್ಧ ಶುರುವಾದಾಗ ಹಳಿ ನಡುವೆ ತುಂಡಾಯಿತು. ಇಲಿಜಾ ಸರ್ಬರ ಕೈಯಲ್ಲಿ ಉಳಿಯಿತು, ನಗರ ಬಟ್ಟಲಿನೊಳಗೆ ಸಿಕ್ಕಿಕೊಂಡಿತು, ಬೆಟ್ಟಗಳ ಮೇಲೆ ಸರ್ಬರ ತೋಪುಗಳು ಕೂತವು. ನನ್ನ ಅಮ್ಮ ಹನೀಫಾ ಆ ಕಡೆ, ನಾನು ಈ ಕಡೆ. ನೆಡೆಲ್ಕೊನನ್ನು ಕರೆದುಕೊಂಡು ಹೋಗಿ ಕೈಗೆ ಬಂದೂಕು ಕೊಟ್ಟು ಗುಡ್ಡದ ಕಂದಕದಲ್ಲಿ ಕೂರಿಸಿದರು. ನಮ್ಮ ಬೀದಿಯ ಬೇರೆ ಮುಸ್ಲಿಮರು ಒಬ್ಬೊಬ್ಬರಾಗಿ ಇಲ್ಲವಾದರು, ಕೆಲವರು ಹೋದರು, ಕೆಲವರನ್ನು ಕರೆದೊಯ್ದರು. ನಾನು ಉಳಿದದ್ದು ಮಾವ ಮತ್ತು ಅತ್ತೆ ಸಾವ್ಕಾ ಇಬ್ಬರ ದೆಸೆಯಿಂದ. ಬಾಗಿಲಿಗೆ ಬಂದವರ ಎದುರು ಅತ್ತೆ ಸೌಟು ಹಿಡಿದು ನಿಂತು, "ಇವಳು ನನ್ನ ಸೊಸೆ. ಇವಳನ್ನ ಕರ್ಕೊಂಡ್ ಹೋಗೋದಾದ್ರೆ ನನ್ನ ಅಡುಗೆಮನೆ ಯಾರು ನೋಡ್ಕೊತಾರೆ, ನೀನಾ?" ಎಂದು ಕೇಳಿದ್ದು ನನಗೆ ಈಗಲೂ ಕೇಳಿಸುತ್ತದೆ.

ಮಾವ ಯುದ್ಧದ ಮೊದಲ ಶರತ್ಕಾಲದಲ್ಲೇ ಸತ್ತರು. ಗುಂಡು ತಗುಲಿ ಅಲ್ಲ. ಕಾಡಿನಿಂದ ಸೌದೆ ಹೊತ್ತು ತರುತ್ತಿದ್ದಾಗ ದಾರಿಯಲ್ಲಿ ಕೂತವರು ಏಳಲಿಲ್ಲ. ಹಾಗೆ ಸತ್ತವರ ಲೆಕ್ಕ ಯಾರೂ ಇಡಲಿಲ್ಲ. ಟ್ರ್ಯಾಮಿನವರ ನೀಲಿ ಕೋಟು ಹಾಕಿ ಗುಡ್ಡದ ಓರೆಯ ಸ್ಮಶಾನದಲ್ಲಿ ಹೂಳಿದೆವು. ಮರುವರ್ಷ ಅತ್ತೆ ಒಂದು ಕಲ್ಲು ನಿಲ್ಲಿಸಿದರು. ನಮ್ಮ ಕಡೆಯ ರೂಢಿಯಂತೆ ಅದರ ಮೇಲೆ ಗಂಡನ ಹೆಸರಿನ ಪಕ್ಕ ತಮ್ಮ ಹೆಸರನ್ನೂ, ಹುಟ್ಟಿದ ವರ್ಷವನ್ನೂ ಕೆತ್ತಿಸಿ, ಸಾಯುವ ವರ್ಷಕ್ಕೆ ಜಾಗ ಬಿಟ್ಟರು.

ಒಪ್ಪಂದವಾದ ಮೇಲಿನ ಆ ಫೆಬ್ರವರಿಯಲ್ಲಿ ನಾದಿನಿ ರಾದೊಯ್ಕಾ, ಅವಳ ಗಂಡ ಸ್ಲಾವಿಶಾ ನಮ್ಮ ಅಡುಗೆಮನೆಗೆ ಬಂದು ಕೂತರು. ಸ್ಲಾವಿಶಾ ಯುದ್ಧದಲ್ಲಿ ಸರಬರಾಜು ನೋಡಿಕೊಳ್ಳುತ್ತಿದ್ದವನು. ಸಿಗರೇಟು, ಪೆಟ್ರೋಲು, ಅಡುಗೆ ಎಣ್ಣೆ ಅವನ ಕೈ ದಾಟಿಯೇ ಬರುತ್ತಿತ್ತು, ದಾಟುವಾಗ ಸ್ವಲ್ಪ ಅಂಟುತ್ತಿತ್ತು. ನಗರದವರು ಬಂದರೆ ಮೊದಲು ತನ್ನನ್ನೇ ಹುಡುಕುತ್ತಾರೆ ಎಂಬ ಭಯ ಅವನ ಕಣ್ಣಲ್ಲಿತ್ತು.

"ಅಮ್ಮ, ಲಾರಿಗೆ ಮಾತಾಡಿ ಆಗಿದೆ. ನಮ್ಮವರ ಕಡೆ, ರೋಗಾಟಿತ್ಸಾದಲ್ಲಿ ಮನೆ ಕೊಡ್ತಾರೆ. ನೀನು ಬಟ್ಟೆ ಕಟ್ಟು ಸಾಕು" ಎಂದಳು ರಾದೊಯ್ಕಾ.

"ಯಾರ ಮನೆ ಕೊಡ್ತಾರೆ?" ಎಂದರು ಅತ್ತೆ.

"ಖಾಲಿ ಇರೋ ಮನೆ."

"ಮನೆ ತಾನಾಗಿ ಖಾಲಿ ಆಗಲ್ಲ ಮಗಳೇ. ಯಾರೋ ಖಾಲಿ ಮಾಡಿರ್ತಾರೆ."

ಸ್ಲಾವಿಶಾ ಪ್ಲಮ್ ಸಾರಾಯಿಯ ಲೋಟ ಕೆಳಗಿಟ್ಟ. "ಅತ್ತೆ, ಧರ್ಮ ಆಮೇಲೆ ಮಾತಾಡೋಣ. ಇಲ್ಲಿ ಉಳಿದ್ರೆ ನಿಮ್ಮ ಗಂಟಲು ಸೀಳ್ತಾರೆ. ರೇಡಿಯೋ ಕೇಳಿಲ್ವಾ?"

"ನಾಲ್ಕು ವರ್ಷದಿಂದ ಕೇಳ್ತಾ ಇದೀನಿ. ಅದು ಒಂದು ಸಲನಾದ್ರೂ ನಿಜ ಹೇಳಿದ್ರೆ ತೋರ್ಸು."

ನೆಡೆಲ್ಕೊ ಒಲೆಯ ಪಕ್ಕ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ. ರಾದೊಯ್ಕಾ ಅವನ ಕಡೆ ತಿರುಗಿದಳು. "ನಿಂದೇನು? ನೀನೂ ಉಳೀತೀಯಾ? ಬಂದೂಕು ಹಿಡಿದವನು ಅಂತ ಅವರಿಗೆ ಗೊತ್ತಿಲ್ವಾ?"

"ಗೊತ್ತಿರುತ್ತೆ. ಆದ್ರೂ ಉಳೀತೀನಿ. ಇದು ನಮ್ಮಪ್ಪ ಕಟ್ಟಿದ ಮನೆ."

"ಹೆಂಡ್ತಿ ಇದಾಳಲ್ಲ, ಧೈರ್ಯ ನಿನಗೆ" ಎಂದಳು. ನನ್ನನ್ನು ನೋಡದೆ ಹೇಳಿದಳು. ನಾಲ್ಕು ವರ್ಷ ನನ್ನ ಕೈ ಅಡುಗೆ ಉಂಡವಳು. ನಾನು ಕಾಫಿ ಬಗ್ಗಿಸುತ್ತಿದ್ದೆ, ಬಗ್ಗಿಸುವುದನ್ನು ನಿಲ್ಲಿಸಲಿಲ್ಲ.

ಅತ್ತೆ ಎದ್ದು ಮೇಜಿನ ತುಂಡು ರೊಟ್ಟಿಗಳನ್ನು ಕೂಡಿಸುತ್ತಾ ಹೇಳಿದರು: "ರಾದೊಯ್ಕಾ, ನೀನು ಹೋಗು, ನಿನಗೆ ಭಯ ಇದೆ, ನಾನು ತಪ್ಪು ಅನ್ನಲ್ಲ. ನಿಮ್ಮಪ್ಪ ಆ ಗುಡ್ಡದಲ್ಲಿ ಮಲಗಿದಾನೆ, ಪಕ್ಕದಲ್ಲಿ ನನ್ನ ಜಾಗ ಇದೆ. ಅವನನ್ನ ಒಬ್ಬನೇ ಬಿಟ್ಟು ನಾನ್ ಎಲ್ಲಿಗೂ ಬರಲ್ಲ. ಇದೇ ನನ್ನ ಮಾತು, ಇನ್ನೊಂದು ಸಲ ಕೇಳ್ಬೇಡ."

ರಾದೊಯ್ಕಾ ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. ಆಮೇಲೆ, "ಅಪ್ಪ ಬಂದ್ರೆ ಬರ್ತೀಯಾ?" ಎಂದಳು.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ನೆಡೆಲ್ಕೊ ಎದ್ದು ನಿಂತ. "ಅಪ್ಪ ಏನು ಫ್ರಿಜ್ಜಾ, ಲಾರಿಗೆ ಹಾಕೋಕೆ?"

"ಎಲ್ಲರೂ ಮಾಡ್ತಿದಾರೆ."

"ಎಲ್ಲರೂ ಮನೆಗೆ ಬೆಂಕಿ ಹಚ್ಚಿ ಹೋಗ್ತಿದಾರೆ. ಅದನ್ನೂ ಮಾಡು."

ಅದನ್ನೂ ಅವರು ಮಾಡಿದರು, ಆದರೆ ಹೊರಡುವ ದಿನ.

ಮರುದಿನ ಬೆಳಿಗ್ಗೆ ನೆಡೆಲ್ಕೊ ನೀರಿನ ಪಂಪ್‌ಹೌಸಿಗೆ ಹೋಗಿದ್ದ. ಅವನು ಅಲ್ಲಿನ ಮೆಕ್ಯಾನಿಕ್. ಪಕ್ಕದ ಮನೆಯ ಹೆಂಗಸು ಬೇಲಿಯಾಚೆಯಿಂದ ಅತ್ತೆಯನ್ನು ಕೂಗಿದಳು: "ಸಾವ್ಕಾ, ನಿನ್ನ ಗಂಡನ್ನ ಎಬ್ಬಿಸ್ತಾ ಇದಾರೆ ನೋಡು ಹೋಗು." ಅತ್ತೆ ಏಪ್ರನ್ ಬಿಚ್ಚದೆ, ಮೇಲೊಂದು ಕೋಟು ಹಾಕಿಕೊಂಡು ಹೊರಟರು. ನಾನು ಹಿಂದೆ ಓಡಿದೆ.

ಸ್ಮಶಾನದಲ್ಲಿ ಸಂತೆಯಷ್ಟು ಜನ. ಹಿಮ ಕಲ್ಲಾಗಿತ್ತು, ಮಣ್ಣು ಕಬ್ಬಿಣವಾಗಿತ್ತು. ಅದು ಸಡಿಲಾಗಲೆಂದು ಸಮಾಧಿಗಳ ಮೇಲೆ ಹಳೆಯ ಟೈರು, ಕಿತ್ತ ಬೇಲಿ ಹಾಕಿ ಬೆಂಕಿ ಹಚ್ಚಿದ್ದರು. ಕಪ್ಪು ಹೊಗೆಯ ನಡುವೆ ಪಾದ್ರಿಯೊಬ್ಬ ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ಹೋಗುತ್ತಾ ಅದೇ ಪ್ರಾರ್ಥನೆ ಹೇಳುತ್ತಿದ್ದ. ಅವನ ಗಂಟಲು ಕಟ್ಟಿತ್ತು. ಶವಪೆಟ್ಟಿಗೆಗಳು ಸಾಲದೆ ಕೆಲವರು ಬೀರುವಿನ ಹಲಗೆಯಲ್ಲಿ ಪೆಟ್ಟಿಗೆ ಮಾಡಿಕೊಂಡು ಬಂದಿದ್ದರು. ಒಂದರ ಮೇಲೆ ಬೀರುವಿನ ಹಿತ್ತಾಳೆ ಹಿಡಿಕೆ ಹಾಗೇ ಇತ್ತು.

ಮಾವನ ಗುಂಡಿಯ ಬಳಿ ಸ್ಲಾವಿಶಾ ಮತ್ತು ಅವನು ಕುಡಿಸಿ ಕರೆತಂದಿದ್ದ ಇಬ್ಬರು ಇದ್ದರು. ರಾದೊಯ್ಕಾ ದೂರದಲ್ಲಿ ಬೆನ್ನು ಹಾಕಿ ನಿಂತಿದ್ದಳು. ನಾವು ತಲುಪುವ ಹೊತ್ತಿಗೆ ಪೆಟ್ಟಿಗೆ ಮೇಲೆ ಬಂದಾಗಿತ್ತು. ಯುದ್ಧಕಾಲದ ಹಸಿ ಹಲಗೆ, ಒಂದು ಬದಿ ಬಿರಿದಿತ್ತು. ಬಿರುಕಿನಲ್ಲಿ ನೀಲಿ ಕೋಟಿನ ತೋಳು ಕಂಡಿತು.

ಅತ್ತೆ ಹತ್ತಿರ ಹೋಗಿ ತಲೆಯ ಕರಿ ವಸ್ತ್ರ ಬಿಚ್ಚಿ ಆ ಬಿರುಕಿನ ಮೇಲೆ ಹಾಸಿದರು. ಅವರ ಬರಿತಲೆಯನ್ನು ನಾನು ಮನೆಯ ಹೊರಗೆ ನೋಡಿದ್ದು ಅದೇ ಮೊದಲು. ಹಿಮ ಬೀಳುತ್ತಿತ್ತು.

"ಅಮ್ಮ, ನಿನಗೋಸ್ಕರ ಮಾಡಿದ್ದು. ಬೇರೆ ದಾರಿ ಇರ್ಲಿಲ್ಲ" ಎಂದಳು ರಾದೊಯ್ಕಾ. ಈಗ ಅಳುತ್ತಿದ್ದಳು.

"ನನಗೋಸ್ಕರ ಅನ್ಬೇಡ" ಎಂದರು ಅತ್ತೆ. "ಹೊಸ ಪೆಟ್ಟಿಗೆ ತಂದಿದೀರಾ, ಹೀಗೇ ಸಾಗಿಸ್ತೀರಾ?"

ಅಷ್ಟರಲ್ಲಿ ಸುದ್ದಿ ತಿಳಿದು ನೆಡೆಲ್ಕೊ ಓಡಿಬಂದ. ಬಂದವನೇ ಸ್ಲಾವಿಶಾನ ಕುತ್ತಿಗೆಪಟ್ಟಿ ಹಿಡಿದು ಗುಂಡಿಯ ಅಂಚಿಗೆ ತಳ್ಳಿದ. ಇಬ್ಬರೂ ಬಿದ್ದರು. ಅಕ್ಕಪಕ್ಕದ ಗುಂಡಿಗಳಲ್ಲಿ ಅಗೆಯುತ್ತಿದ್ದವರು ಒಂದು ಗಳಿಗೆ ತಲೆ ಎತ್ತಿ ನೋಡಿ ಮತ್ತೆ ಅಗೆಯತೊಡಗಿದರು. ಅಲ್ಲಿ ಅಂದು ಜಗಳ ಹೊಸದಾಗಿರಲಿಲ್ಲ.

"ವಾಪಸ್ ಹಾಕಿ ಅಪ್ಪನ್ನ" ಎಂದು ನೆಡೆಲ್ಕೊ ಮಂಡಿಯೂರಿ ಎದ್ದ.

"ಬಿಡು ಮಗಾ" ಎಂದರು ಅತ್ತೆ. "ಎಬ್ಬಿಸಿ ಆಯ್ತಲ್ಲ. ನಾಳೆ ನೀನು ಮಲಗಿಸ್ತೀಯಾ, ನಾಡಿದ್ದು ಇವಳು ಎಬ್ಬಿಸ್ತಾಳೆ. ನಿಮ್ಮಪ್ಪ ಬಿಡುವಿಲ್ಲದೆ ದುಡಿದವನು, ಸತ್ತ ಮೇಲೂ ಓಡಾಡ್ಸಬೇಡಿ. ನಾನು ಹೋಗ್ತೀನಿ ಅವನ ಜೊತೆ."

ಲಾರಿಯಲ್ಲಿ ಕಲ್ಲಿಗೆ ಜಾಗವಿರಲಿಲ್ಲ. ಸ್ಲಾವಿಶಾನ ಎರಡು ಫ್ರೀಜರ್, ಒಂದು ಬಟ್ಟೆ ಒಗೆಯುವ ಯಂತ್ರ, ಎಲ್ಲಿಂದಲೋ ಕಿತ್ತು ತಂದ ಸ್ನಾನದ ತೊಟ್ಟಿ, ಇವುಗಳ ನಡುವೆ ಮಾವನ ಪೆಟ್ಟಿಗೆ. ಅತ್ತೆಯ ಮನೆಗೂ ತಮ್ಮ ಮನೆಗೂ ನಡುವಿನ ದಾರಿಯಲ್ಲಿ ರಾದೊಯ್ಕಾ ಎರಡು ಸಲ ಹೋಗಿಬಂದಳು. ಎರಡನೆಯ ಸಲ ಬಂದಾಗ ಅವಳ ಕೈ ಸೀಮೆಎಣ್ಣೆ ನಾರುತ್ತಿತ್ತು. ಅವರ ಮನೆಯ ಮಾಡಿನ ಸಂದಿಯಿಂದ ಮೊದಲು ಬಿಳಿ, ಆಮೇಲೆ ಹಳದಿ ಹೊಗೆ ಬಂತು. "ಅವರಿಗೆ ಸಿಗಬಾರದು" ಎಂದಳು, ಯಾರೂ ಕೇಳದಿದ್ದರೂ.

ಹೊರಡುವ ಮುಂಚೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಉಪ್ಪಿನಕಾಯಿ ಪೀಪಾಯಿ ಎಲ್ಲಿದೆ, ಯಾವ ಒಲೆಬಾಗಿಲು ಸಡಿಲ ಎಂದೆಲ್ಲ ನನಗೆ ಗೊತ್ತಿದ್ದುದನ್ನೇ ಹೇಳಿದರು. ಆಮೇಲೆ ಹೇಳಿದರು: "ಇನ್ನು ಕೆಲವು ದಿನ, ದಾರಿ ತೆರೆಯುತ್ತೆ. ನಿನ್ನಮ್ಮ ಬರ್ತಾಳೆ. ನಾಲ್ಕು ವರ್ಷ ನೀನು ದನಿ ಅಡಗಿಸಿ ಅಳ್ತಿದ್ದದ್ದು ನನಗೆ ಕೇಳಿಸ್ತಿತ್ತು. ನಿನಗೆ ಅಮ್ಮ ಸಿಗೋದು ನನಗೆ ಸಂತೋಷವೇ, ಫಾದಿಲಾ. ಆದ್ರೆ ಇವತ್ತು ನನ್ನ ಮುಖದಲ್ಲಿ ಅದನ್ನ ಹುಡುಕಬೇಡ."

ನನಗೂ ಹಾಗೆಯೇ ಆಗಿತ್ತು. ನಾನು ಕಾದಿದ್ದ ದಿನ ಅವರು ಹೆದರಿದ್ದ ದಿನವೇ ಆಗಿತ್ತು. ಅತ್ತೆಯನ್ನು ತಬ್ಬಿಕೊಂಡಾಗ ನನ್ನೊಳಗೆ ಒಂದು ಮೂಲೆಯಲ್ಲಿ ಅಮ್ಮನ ಮುಖ ತೇಲುತ್ತಿತ್ತು. ಅದಕ್ಕೆ ನನ್ನನ್ನು ನಾನೇ ಶಪಿಸಿಕೊಂಡೆ. ಲಾರಿ ಲುಕಾವಿತ್ಸಾ ದಾಟಿ ತ್ರೆಬೆವಿಚ್ ಬೆಟ್ಟ ಹತ್ತುವ ದಾರಿ ಹಿಡಿಯಿತು. ಆ ರಸ್ತೆಯಲ್ಲಿ ಅಂಥವೇ ನೂರಾರು.

ಅತ್ತೆ ಹೋದ ಮೇಲಿನ ದಿನಗಳಲ್ಲಿ ನೆಡೆಲ್ಕೊ ಕೊಡಲಿ ಹಿಡಿದು ಹೊಸ್ತಿಲ ಮೇಲೆ ಕೂತಿದ್ದ. ಹೊರಟ ಸರ್ಬರು ಖಾಲಿ ಮನೆಗಳಿಗೆ ಬೆಂಕಿ ಇಡುತ್ತಾ ಬರುತ್ತಿದ್ದರು. ಉಳಿದವರ ಮನೆಗೆ ಇಡುವುದೂ ಅವರಿಗೆ ಸರಿಯೆನ್ನಿಸಿತ್ತು. ಆಮೇಲೆ ವಿದೇಶಿ ಸೈನಿಕರ ಗಾಡಿಗಳ ಹಿಂದೆ ನಗರದ ಪೊಲೀಸರು ಬಂದರು, ಅವರ ಹಿಂದೆ ಕೈಗಾಡಿ ತಳ್ಳಿಕೊಂಡು ಜನ ಬಂದರು. ಹಳೆಯ ಮನೆ ನೋಡಲು ಬಂದವರು ಕೆಲವರು. ಸಿಕ್ಕಿದ್ದನ್ನು ಹೊತ್ತೊಯ್ಯಲು ಬಂದವರು ಉಳಿದವರು.

ನನ್ನ ಅಮ್ಮ ಬಂದದ್ದು ನಡೆದುಕೊಂಡು. ತುಕ್ಕು ಹಿಡಿದ ಹಳಿಯ ಪಕ್ಕಕ್ಕೇ ನಡೆದು, ದಾರಿಯಲ್ಲಿ ಎರಡು ಕಡೆ ಕೂತು ಬಂದಳು. ಕೆನ್ನೆ ಒಳಗೆ ಹೋಗಿತ್ತು, ನನಗಿಂತ ಗಿಡ್ಡಗಾಗಿದ್ದಳು. ನಾವು ಬಾಗಿಲಲ್ಲೇ ಎಷ್ಟು ಹೊತ್ತು ನಿಂತೆವೋ ತಿಳಿಯದು. ಆಮೇಲೆ ಅವಳು ಕೋಟಿನ ಒಳಜೇಬಿನಿಂದ ಒಂದು ಪೊಟ್ಟಣ ತೆಗೆದಳು. ನಿಜವಾದ ಕಾಫಿ. ನೆರವಿನವರು ಕೊಟ್ಟಿದ್ದನ್ನು ಕುಡಿಯದೆ ಇಟ್ಟಿದ್ದಳು.

"ಸಾವ್ಕಾ ಎಲ್ಲಿ? ನೀರಿಡು ಅನ್ನು. ನನ್ನ ಮಗಳನ್ನ ಕಾಪಾಡಿದವಳ ಜೊತೆ ಕುಡೀಬೇಕು ಅಂತ ತಂದಿದೀನಿ."

"ಹೋದ್ರು ಅಮ್ಮ."

"ಎಲ್ಲಿಗೆ?"

"ಮಾವನ ಜೊತೆ."

ಅತ್ತೆ ಸತ್ತರೆಂದುಕೊಂಡು ಅಮ್ಮ ಅಳತೊಡಗಿದಳು. ನಡೆದದ್ದನ್ನು ಬಿಡಿಸಿ ಹೇಳಿದ ಮೇಲೆ ಅಳು ನಿಂತಿತು, ಮುಖ ಗಟ್ಟಿಯಾಯಿತು. "ಸತ್ತವರನ್ನೂ ನಮ್ಮ ಹತ್ರ ಬಿಡೋಕೆ ಭಯವಾ ಅವರಿಗೆ?" ಎಂದಳು. ಕಾಫಿಯನ್ನು ನಾವಿಬ್ಬರೇ ಕುಡಿದೆವು. ನೆಡೆಲ್ಕೊ ಒಳಗೆ ಬಂದಾಗ ಅಮ್ಮ ಅವನ ಹಣೆಗೆ ಮುತ್ತಿಟ್ಟಳು, ಆದರೆ ಸ್ವಲ್ಪ ತಡೆದು. ಆ ತಡೆದದ್ದನ್ನು ಅವನು ಕಂಡ. ಅವಳ ಮನೆಯ ಮಾಡು ಹಾರಿಹೋದದ್ದು ಬೆಟ್ಟದಿಂದ ಬಂದ ತೋಪಿನ ಗುಂಡಿನಿಂದ. ಯಾವ ಬೆಟ್ಟ, ಯಾರು ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವರಿಬ್ಬರೂ ಆಮೇಲೆ ಹಲವು ವರ್ಷ ಒಂದೇ ಮೇಜಿನಲ್ಲಿ ಉಂಡರು, ಆ ಮಾತು ಮಾತ್ರ ಬರಲೇ ಇಲ್ಲ.

ಪಂಪ್‌ಹೌಸಿನ ಹೊಸ ಸಾಹೇಬ ನೆಡೆಲ್ಕೊನನ್ನು ಕರೆಸಿ ಕೇಳಿದನಂತೆ: "ನಿಮ್ಮವರೆಲ್ಲ ಹೋದ್ರು. ನೀನ್ಯಾಕೆ ಉಳಿದೆ?"

"ನನಗೆ ಹೋಗೋ ಊರು ಇರ್ಲಿಲ್ಲ. ಇದೇ ಊರು."

"ಬಂದೂಕು ಹಿಡಿದಾಗಲೂ ಇದೇ ಊರಾಗಿತ್ತಾ?"

ಕೆಲಸ ಹೋಯಿತು. ಮನೆಮನೆ ಪಂಪು, ನಲ್ಲಿ ರಿಪೇರಿ ಮಾಡುತ್ತಾ ತಿರುಗಿದ. ಕೆಲವರು ಕೂಲಿ ಕೊಟ್ಟರು, ಕೆಲವರು "ಕೇಳೋಕೆ ಮುಖ ಇದೆಯಾ" ಎಂದರು. ಅಂಥವರ ಮನೆಗೂ ಎರಡನೆಯ ಸಲ ಕರೆದರೆ ಹೋಗುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಅವನು, "ಬಿಡು, ಯಾರ ಮನೆ ಅಂತ ನೀರಿಗೇನ್ ಗೊತ್ತು" ಎನ್ನುತ್ತಿದ್ದ.

ನಮ್ಮ ಕಡೆಗೂ ಸರ್ಬರ ಕಡೆಗೂ ನಡುವೆ ಒಪ್ಪಂದ ಎಳೆದ ಗಡಿ ದಾಟುವ ಬಸ್ಸು ಶುರುವಾದ ಮೇಲಿನ ಬೇಸಿಗೆಯಲ್ಲಿ ನಾವು ಅತ್ತೆಯನ್ನು ನೋಡಲು ರೋಗಾಟಿತ್ಸಾಕ್ಕೆ ಹೋದೆವು. ಬೆಟ್ಟದಾಚೆ ಎತ್ತರದ ಬಯಲು, ಪೈನ್ ಕಾಡು, ಆಮೇಲೆ ಇಳಿಜಾರು, ಕೆಳಗೆ ಊರು. ಅವರಿಗೆ ಕೊಟ್ಟಿದ್ದು ಎರಡು ಕೋಣೆಯ ಒಂದು ಮುಸ್ಲಿಮರ ಮನೆ. ಗೋಡೆಯಲ್ಲಿ ಫೋಟೋ ತೆಗೆದ ಜಾಗಗಳು ಬೆಳ್ಳಗೆ ಚೌಕ ಚೌಕವಾಗಿ ಉಳಿದಿದ್ದವು. ಅತ್ತೆ ಅವುಗಳ ಮೇಲೆ ಏನನ್ನೂ ನೇತುಹಾಕಿರಲಿಲ್ಲ. ನೆಲಮಾಳಿಗೆಯಲ್ಲಿ ಪ್ಲಮ್ ಹಣ್ಣಿನ ಜಾಮಿನ ಜಾಡಿಗಳು ಸಾಲಾಗಿದ್ದವು.

"ಈ ಮನೆ ಹೆಂಗಸು ಮಾಡಿದ್ದು. ಕೆಟ್ಟಿಲ್ಲ. ತಿನ್ನೋಕೆ ಮನಸ್ಸು ಬರಲ್ಲ, ಎಸೆಯೋಕೂ ಬರಲ್ಲ. ಧೂಳು ಒರೆಸ್ತೀನಿ" ಎಂದರು.

"ಸ್ಲಾವಿಶಾ ತಿನ್ನಲ್ವಾ?" ಎಂದೆ.

"ಅವನು ಮೂರು ಜಾಡಿ ತಿಂದ. ಆಮೇಲೆ ನಾನು ಬೀಗ ಹಾಕಿದೆ."

ಮಾವನನ್ನು ಹೂಳಿದ್ದು ರಸ್ತೆ ಬದಿಯ ಒಂದು ಹೊಲದಲ್ಲಿ. ಅಲ್ಲಿ ಹೊಸ ಊರು ಕಟ್ಟುತ್ತೇವೆ, ಚರ್ಚು ಕಟ್ಟುತ್ತೇವೆ ಎಂದಿದ್ದರಂತೆ. ನಾವು ಹೋದಾಗ ಇದ್ದದ್ದು ಶಿಲುಬೆಗಳ ಸಾಲು, ಮೊಣಕಾಲುದ್ದದ ಹುಲ್ಲು, ಮೇಯುವ ಕುರಿ. ಶಿಲುಬೆಯ ಮೇಲೆ ಮಾವನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ನೆಡೆಲ್ಕೊ ಜೇಬಿನ ಚಾಕು ತೆಗೆದು ಅದನ್ನು ಕೆರೆದು ತಿದ್ದಲು ನೋಡಿದ, ಮರ ಸೀಳಿತು. ಸ್ಲಾವಿಶಾ ಬಸ್ ನಿಲ್ದಾಣದಲ್ಲಿ ಸಿಗರೇಟಿನ ಗೂಡಂಗಡಿ ಇಟ್ಟಿದ್ದ. ನಮ್ಮನ್ನು ಕಂಡು ಬೇರೆ ಕಡೆ ನೋಡಿದ. ರಾದೊಯ್ಕಾ ಮಾತ್ರ ಬಂದಳು. ಅಣ್ಣ ತಂಗಿ ಸಮಾಧಿಯ ಆಚೆ ಒಬ್ಬರು, ಈಚೆ ಒಬ್ಬರು ನಿಂತರು.

ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಗೂಡಂಗಡಿ ಮುಚ್ಚಿತು, ಅವರಿಬ್ಬರೂ ಸರ್ಬಿಯಾದ ನೋವಿಸಾದ್‌ಗೆ ಹೊರಟರು. ಸ್ಲಾವಿಶಾನ ಅಣ್ಣನಿಗೆ ಅಲ್ಲೊಂದು ಟೈರಿನ ಅಂಗಡಿಯಿತ್ತು. ಅತ್ತೆಯನ್ನೂ ಕರೆದರು.

"ನಿಮ್ಮಪ್ಪನ್ನ ಮತ್ತೆ ಅಗೀತೀಯಾ?" ಎಂದು ಕೇಳಿದರಂತೆ ಅತ್ತೆ.

"ಅಲ್ಲಿ ಜಾಗ ತುಂಬಾ ದುಬಾರಿ ಅಮ್ಮ."

"ಹಾಗಾದ್ರೆ ಹೋಗ್ಬಾ. ನೀನು ನನ್ನನ್ನ ಇಲ್ಲಿಗೆ ಕರ್ಕೊಂಡ್ ಬಂದಿದ್ದು ಅವನ ಪಕ್ಕ ಇರ್ಲಿ ಅಂತ. ಪಕ್ಕದಲ್ಲೇ ಇರ್ತೀನಿ."

ಹಾಗೆ ಅತ್ತೆ ಅನ್ಯರ ಮನೆಯಲ್ಲಿ ಒಬ್ಬರೇ ಉಳಿದರು. ನೆಡೆಲ್ಕೊ ಎಷ್ಟು ಕರೆದರೂ ಬರಲಿಲ್ಲ. ಭಾನುವಾರ ಭಾನುವಾರ ಆ ಹೊಲಕ್ಕೆ ನಡೆದು ಹೋಗಿ ಹುಲ್ಲು ಕೀಳುತ್ತಿದ್ದರು. ಕೊನೆಗೆ ಮನೆಗಳನ್ನು ಹಳೆಯ ಒಡೆಯರಿಗೆ ವಾಪಸ್ ಕೊಡಬೇಕೆಂಬ ಕಾನೂನು ಬಂತು. ಒಡತಿ ಬರುವ ದಿನ ತಿಳಿದು ನಾನು ಅತ್ತೆಯನ್ನು ಕರೆತರಲು ಹೋದೆ. ನೆಡೆಲ್ಕೊಗೆ ಬೆನ್ನು ಹಿಡಿದಿತ್ತು.

ಅತ್ತೆ ನೆಲ ಒರೆಸಿ, ಕಿಟಕಿ ಗಾಜು ತೊಳೆದು, ತಮ್ಮ ಎರಡು ಚೀಲ ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದರು. ಪೊಲೀಸನೊಬ್ಬನ ಜೊತೆ ಬಂದ ಹೆಂಗಸಿನ ಹೆಸರು ಶೆಫಿಕಾ. ಅತ್ತೆಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಒಳಗೆ ಹೋಗಿ ಗೋಡೆಯ ಬಿಳಿ ಚೌಕಗಳನ್ನು ನೋಡಿದಳು, ಒಲೆ ಮುಟ್ಟಿದಳು. ಅತ್ತೆ ಹಿಂದೆ ಹಿಂದೆ ಹೋಗಿ, "ಒಂದು ಲೋಟ ಒಡೆದಿದೀನಿ. ಜಾಮ್ ಕೆಳಗಿದೆ. ಮೂರು ಜಾಡಿ ಕಡಿಮೆ ಇದೆ, ಉಳಿದದ್ದು ಮುಟ್ಟಿಲ್ಲ" ಎಂದರು.

ಶೆಫಿಕಾ ನೆಲಮಾಳಿಗೆಗೆ ಇಳಿದಳು. ಬಹಳ ಹೊತ್ತು ಮೇಲೆ ಬರಲಿಲ್ಲ. ಬಂದಾಗ ಮಡಿಲ ತುಂಬ ಜಾಡಿಗಳಿದ್ದವು. ಒಂದೊಂದನ್ನೇ ತೆರೆದು, ಮೂಸಿ ನೋಡಿ, ತೊಟ್ಟಿಗೆ ಸುರಿದು ನಲ್ಲಿ ಬಿಟ್ಟಳು. ಕಪ್ಪು ನೇರಳೆ ಜಾಮು ನೀರಿಗೆ ಕರಗದೆ ಗಟ್ಟಿಯಾಗಿ ಕೂತಿತ್ತು. ಅವಳು ಅದನ್ನು ಕೈಯಿಂದ ತಳ್ಳಿದಳು.

"ನನ್ನ ಮಗನಿಗೆ ಅಂತ ಮಾಡಿದ್ದು. ರೊಟ್ಟಿ ಇಲ್ದೆ ಬರೀ ಜಾಮ್ ತಿಂತಿದ್ದ" ಎಂದಳು, ನಮ್ಮ ಕಡೆ ತಿರುಗದೆ. "ಯುದ್ಧ ಶುರುವಾದ ಬೇಸಿಗೆ ಕರ್ಕೊಂಡ್ ಹೋದ್ರು. ಮೂಳೆ ಸಿಕ್ಕಿದ್ರೆ ಹೇಳ್ತೀವಿ ಅಂದಿದಾರೆ."

ಏನು ಹೇಳಬಹುದಿತ್ತು? ತನ್ನ ಗಂಡನ ಮೂಳೆಯ ಹಿಂದೆ ಊರು ಬಿಟ್ಟು ಬಂದ ಹೆಂಗಸು, ಮಗನ ಒಂದು ಮೂಳೆಗಾಗಿ ಕಾದಿರುವ ಹೆಂಗಸಿಗೆ?

"ನಾನು..." ಎಂದರು ಅತ್ತೆ.

"ಬೇಡ" ಎಂದಳು ಶೆಫಿಕಾ. "ಮನೆ ಚೊಕ್ಕಟವಾಗಿ ಇಟ್ಟಿದೀರ. ಹೋಗಿ ಈಗ. ನಿಮ್ಮ ಮೇಲೆ ಸಿಟ್ಟು ಮಾಡೋಕೂ ನನಗೆ ಶಕ್ತಿ ಇಲ್ಲ."

ಬಸ್ಸಿನಲ್ಲಿ ಅತ್ತೆ ಕಿಟಕಿಗೆ ತಲೆಯಾನಿಸಿ ಕೂತಿದ್ದರು. ರಸ್ತೆಬದಿಯ ಆ ಹೊಲ ಬಂದಾಗ ನಾನು ಚಾಲಕನಿಗೆ ನಿಲ್ಲಿಸಲು ಹೇಳಲು ಎದ್ದೆ. ಅವರು ನನ್ನ ಕೈ ಹಿಡಿದು ಕೂರಿಸಿದರು.

ಇಲಿಜಾದಲ್ಲಿ ಟ್ರ್ಯಾಮ್ ಮತ್ತೆ ಓಡುತ್ತಿತ್ತು. ನಮ್ಮ ಬೀದಿಯಲ್ಲಿ ಅತ್ತೆಗೆ ಗುರುತಿನವರು ಒಬ್ಬರೂ ಉಳಿದಿರಲಿಲ್ಲ. ಎಲ್ಲ ಹೊಸಬರು. ಅವರೂ ಎಲ್ಲಿಂದಲೋ ಓಡಿಸಲ್ಪಟ್ಟವರು, ಅವರ ಮನೆಗಳಲ್ಲಿ ಇನ್ಯಾರೋ ಇದ್ದರು. ಅತ್ತೆ ಬೇಲಿಯ ಬಳಿ ನಿಂತು ನಮಸ್ಕಾರ ಹೇಳಿದರೆ ಕೆಲವರು ತಿರುಗಿ ಹೇಳುತ್ತಿದ್ದರು. ನನ್ನ ಅಮ್ಮ ಒಮ್ಮೆ ಟ್ರ್ಯಾಮಿನಲ್ಲಿ ಬಂದು ಅತ್ತೆಯ ಜೊತೆ ಕಾಫಿ ಕುಡಿದಳು. ಇಬ್ಬರೂ ಮಂಡಿನೋವಿನ ಬಗ್ಗೆ, ಮೆಣಸಿನಕಾಯಿ ಬೆಲೆಯ ಬಗ್ಗೆ ಮಾತಾಡಿದರು. ಹೊರಡುವಾಗ ಅಮ್ಮ, "ಆವಾಗ ಬಂದಿದ್ದೆ, ನೀನಿರ್ಲಿಲ್ಲ" ಎಂದಳು. "ಗೊತ್ತು" ಎಂದರು ಅತ್ತೆ. ಅಷ್ಟೇ. ಆ ಮಾತಿಗೆ ಕಾಲ ಮೀರಿತ್ತು.

ಅತ್ತೆ ಹಾಸಿಗೆ ಹಿಡಿದಾಗ ಅಣ್ಣ ತಂಗಿಯ ನಡುವೆ ಫೋನಿನಲ್ಲಿ ಮತ್ತೆ ಜಗಳ ಶುರುವಾಯಿತು. ಅಪ್ಪನನ್ನು ವಾಪಸ್ ತರುತ್ತೇನೆ ಎಂದ ನೆಡೆಲ್ಕೊ. ಎರಡು ಸರ್ಕಾರಗಳ ಒಪ್ಪಿಗೆ ಬೇಕಿತ್ತು, ಮಕ್ಕಳಿಬ್ಬರ ಸಹಿ ಬೇಕಿತ್ತು.

"ನಾನು ಸಹಿ ಹಾಕಲ್ಲ. ಅಮ್ಮನ್ನೇ ಅಲ್ಲಿಗೆ ತನ್ನಿ, ಅಪ್ಪನ ಪಕ್ಕ ಹೂಳೋಣ" ಎಂದಳು ರಾದೊಯ್ಕಾ.

"ನೀನು ಬಿಟ್ಟು ಓಡಿಹೋದ ಹೊಲದಲ್ಲಾ?"

"ನಿನ್ನ ಇಲಿಜಾದಲ್ಲಿ ನಾಳೆ ಯಾರಿರ್ತಾರೆ ಅಮ್ಮನಿಗೆ ಮೇಣದಬತ್ತಿ ಹಚ್ಚೋಕೆ? ನಿನಗೇನ್ ಮಕ್ಕಳಾ ಮರಿನಾ?"

ನಮಗೆ ಮಕ್ಕಳಾಗಿರಲಿಲ್ಲ. ನೆಡೆಲ್ಕೊ ಫೋನನ್ನು ಗೋಡೆಗೆ ಎಸೆದ.

ಒಳಕೋಣೆಯಿಂದ ಅತ್ತೆ ಕರೆದರು. ದನಿ ಸಣ್ಣದಾಗಿತ್ತು, ಮಾತು ಸ್ಪಷ್ಟವಾಗಿತ್ತು. "ಯಾರನ್ನೂ ಅಗೀಬೇಡಿ. ಯಾರನ್ನೂ ಸಾಗಿಸ್ಬೇಡಿ. ಅವನು ಎಲ್ಲಿದಾನೋ ಅಲ್ಲೇ ಇರ್ಲಿ, ನಾನು ಎಲ್ಲಿ ಸಾಯ್ತೀನೋ ಅಲ್ಲೇ ಹೂಳಿ."

"ಅಪ್ಪನ್ನ ಒಬ್ಬರನ್ನೇ ಬಿಟ್ಟಾ ಅಮ್ಮ?" ಎಂದ ನೆಡೆಲ್ಕೊ.

"ಅವನ ಹಿಂದೆ ಒಂದು ಸಲ ಹೋಗಿಬಂದೆ. ಸಾಕಾಯ್ತು."

ಆ ಏಪ್ರಿಲಿನಲ್ಲಿ ಸತ್ತರು. ಹಳೆಯ ಸ್ಮಶಾನದಲ್ಲಿ, ಅವರೇ ನಿಲ್ಲಿಸಿದ್ದ ಕಲ್ಲಿನ ಕೆಳಗೆ ಹೂಳಿದೆವು. ಪಕ್ಕದಲ್ಲಿ ಮಾವನನ್ನು ತೆಗೆದು ಕುಳಿ ಬಿದ್ದಿದ್ದ ಜಾಗಕ್ಕೆ ನೆಡೆಲ್ಕೊ ಎರಡು ಕೈಗಾಡಿ ಮಣ್ಣು ತಂದು ಸಮ ಮಾಡಿದ. ಬಂದವರು ಬೆರಳೆಣಿಕೆಯ ಜನ, ಅವರಲ್ಲಿ ನನ್ನ ಅಮ್ಮನೂ ಒಬ್ಬಳು. ರಾದೊಯ್ಕಾ ಮಣ್ಣು ಮುಚ್ಚಿದ ಮೇಲೆ ತಲುಪಿದಳು, ಗಡಿಯಲ್ಲಿ ಬಸ್ಸು ತಡೆದಿದ್ದರಂತೆ. ಒಬ್ಬಳೇ ಬಂದಿದ್ದಳು. ಸ್ಲಾವಿಶಾ ಬೇರೆ ಹೆಂಗಸಿನ ಜೊತೆ ಇದ್ದಾನೆಂದು ಆಮೇಲೆ ತಿಳಿಯಿತು. ನಮ್ಮ ಮನೆಗೆ ಬರಲಿಲ್ಲ, ಹೋಟೆಲಿನಲ್ಲಿ ಉಳಿದಳು. ತಾನು ಬೆಂಕಿಯಿಟ್ಟ ಮನೆಯ ಜಾಗದಲ್ಲಿ ಎದ್ದಿದ್ದ ಮೂರು ಅಂತಸ್ತಿನ ಕಟ್ಟಡದ ಮುಂದೆ ಬಹಳ ಹೊತ್ತು ನಿಂತಿದ್ದಳೆಂದು ಅಂಗಡಿಯವನು ಹೇಳಿದ.

ಮರುದಿನ ಅವಳನ್ನು ಬಸ್ಸಿಗೆ ಬಿಡಲು ನಾನು ಹೋದೆ. ಕೂದಲು ಪೂರ್ತಿ ನರೆತಿತ್ತು. ಬಸ್ಸು ಹೊರಡುವ ಹೊತ್ತಿಗೆ ನನ್ನ ತೋಳು ಹಿಡಿದಳು.

"ಅತ್ತಿಗೆ, ಅವತ್ತು ಅಪ್ಪನ್ನ ಅಗೆದಿದ್ದು ತಪ್ಪಾಯ್ತು. ನೆಡೆಲ್ಕೊಗೆ ಹೇಳ್ಬಿಡು."

"ಮನೆ ನಡೆದು ಹೋಗೋ ದೂರದಲ್ಲಿದೆ. ನೀನೇ ಹೇಳು. ಮುಂದಿನ ಬಸ್ಸಿಗೆ ಹೋದ್ರಾಯ್ತು."

"ನನ್ನಿಂದಾಗಲ್ಲ. ಅವನ ಮುಖ ನೋಡಿ ಹೇಳೋಕಾಗಲ್ಲ. ನೀನು ಹೇಳಿದ್ರೆ ಕೇಳ್ತಾನೆ."

ಅವಳು ಹತ್ತಿ ಕೂತಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಾನು ನಿಂತಿದ್ದೆ. ದಾರಿಯುದ್ದಕ್ಕೂ ಆ ಮಾತು ನನ್ನ ಬಾಯಲ್ಲಿತ್ತು. ಮೊದಲು ಹೇಳಿಬಿಡಬೇಕೆನ್ನಿಸಿತು. ಆಮೇಲೆ ಹಿಮದಲ್ಲಿ ಬರಿತಲೆಯಲ್ಲಿ ನಿಂತ ಅತ್ತೆ ನೆನಪಾದರು. "ಹೆಂಡ್ತಿ ಇದಾಳಲ್ಲ, ಧೈರ್ಯ ನಿನಗೆ" ಎಂದು ನನ್ನನ್ನು ನೋಡದೆ ಆಡಿದ ಮಾತೂ ನೆನಪಾಯಿತು. ಅವಳು ಹೊರಲಾರದ್ದನ್ನು ನಾನು ಯಾಕೆ ಹೊತ್ತುಕೊಂಡು ಹೋಗಬೇಕು?

ನೆಡೆಲ್ಕೊ ಅಂಗಳದಲ್ಲಿ ಯಾರದೋ ಪಂಪು ಬಿಚ್ಚಿಕೊಂಡು ಕೂತಿದ್ದ.

"ಹೋದ್ಲಾ?"

"ಹೋದ್ಲು."

"ಅಪ್ಪನ ವಿಷಯ ಏನಾದ್ರೂ ಅಂದ್ಲಾ?"

"ಇಲ್ಲ."

ಅವನು ತಲೆಯಾಡಿಸಿ ಕೈಯ ಎಣ್ಣೆಯನ್ನು ಹಳೆಯ ಬಟ್ಟೆಗೆ ಒರೆಸಿಕೊಂಡ. ಊಟಕ್ಕೆ ಏನಿದೆ ಎಂದು ಕೇಳಿದ. ಹುರುಳಿಕಾಯಿ ಸಾರು ಎಂದೆ.